ಎತ್ತಿಟ್ಟ ಸೂಜಿಗಳು

ನಮ್ಮ ಮನೆಗೆ ಒಳ್ಳೆಯದು ಏನು ಬಂದರೂ ಅವ್ವ ಅದನ್ನು ನನಗೆ ಎತ್ತಿಡುತ್ತಾಳೆ. ಹಾಲಿನ ಕೆನೆ, ಶೇಂಗಾ ಹೋಳಿಗೆಯಲ್ಲಿ ದಪ್ಪನೆಯದು, ಅಪ್ಪ ದ್ರಾಕ್ಷಿ ಒಣಗಿಸುವ ಶೆಡ್ಡಿನಿಂದ ತರುವ ಮಣೂಕದಲ್ಲಿ ಉದ್ದನೆಯ ಹಸಿರು ಕಾಳು, ಎಲ್ಲವೂ ಸ್ಟೀಲಿನ ಡಬ್ಬಿ ಸೇರಿ ನಾನು ಊರಿಗೆ ಬರುವ ಶನಿವಾರಕ್ಕೆ ಕಾಯುತ್ತವೆ. ನಾನು ಒಲ್ಲೆ ಅಂದರೆ ಅವಳಿಗೆ ಸಿಟ್ಟು. ನೀನೇ ತಿನ್ನು ಅಂದರೆ ಇನ್ನೂ ಸಿಟ್ಟು. ತಿಕೋಟಾದಲ್ಲಿ ಇದು ನಮ್ಮೊಬ್ಬರ ಮನೆಯ ರೋಗವಲ್ಲ, ಯಾವ ಮನೆಯ ಹೆಂಗಸನ್ನು ನೋಡಿದರೂ ಹೀಗೇ. ಎಲ್ಲರದೂ ಆದ ಮೇಲೆ ಉಣ್ಣುವುದು, ತಳ ಕೆರೆದು ಉಣ್ಣುವುದು, ಅದರಲ್ಲೂ ಚೊಲೋದು ಸಿಕ್ಕರೆ ಯಾರಿಗಾದರೂ ಮುಚ್ಚಿಡುವುದು. ಇದನ್ನು ಎಲ್ಲರೂ ಪ್ರೀತಿ ಅನ್ನುತ್ತಾರೆ. ಅವ್ವ ಆ ಒಂದು ಡಬ್ಬಿಯನ್ನು ತೆಗೆದು ನನ್ನ ಮುಂದೆ ಇಡುವವರೆಗೂ ನಾನೂ ಹಾಗೇ ಅನ್ನುತ್ತಿದ್ದೆ.

ನನ್ನ ಹೆಸರು ಅಕ್ಕನಾಗಮ್ಮ, ಅವ್ವನಿಗೆ ನಾಗಿ, ಉಳಿದವರಿಗೆ ಬರೀ ಅಕ್ಕ. ಹೆಸರು ಅಜ್ಜಿಯದು, ಕಾಲು ಮಾತ್ರ ನನ್ನವು. ವಿಜಯಪುರದ ಸೈಕ್ಲಿಂಗ್ ಹಾಸ್ಟೆಲಿನಲ್ಲಿ ಇದ್ದುಕೊಂಡು ಬಿ.ಎ. ಓದುತ್ತೇನೆ ಅಂತ ಊರವರಿಗೆ ಹೇಳಿದ್ದೇವೆ. ನಿಜವಾಗಿ ನಾನು ಸೈಕಲ್ ಹೊಡೆಯುತ್ತೇನೆ. ನಮ್ಮ ಕಡೆ ಇದು ವಿಚಿತ್ರವಲ್ಲ. ಬೆಳಗಿನ ಹೊತ್ತು ತಿಕೋಟಾ ರಸ್ತೆಯಲ್ಲಿ ಹ್ಯಾಂಡಲ್ ಮೇಲೆ ಬಗ್ಗಿ ಹೋಗುವ ಹುಡುಗ ಹುಡುಗಿಯರನ್ನು ಕಂಡರೆ ಎಮ್ಮೆಗಳೂ ದಾರಿ ಬಿಡುತ್ತವೆ. ಹೊನವಾಡದ ಬಸ್ ಡ್ರೈವರಿಗೆ ನನ್ನ ಹೆಸರು ಗೊತ್ತು. ರಾಜ್ಯ ತಂಡದ ಆಯ್ಕೆಯಲ್ಲಿ ನಾನು ಎರಡು ವರ್ಷ ಸೋತಿದ್ದೆ, ಎರಡು ಸಲವೂ ಕೂದಲೆಳೆಯಷ್ಟರಲ್ಲಿ, ಎರಡು ಸಲವೂ ಬಬಲೇಶ್ವರದ ಸೈಮಾಳ ಹಿಂದೆ. ಸೈಮಾ ಒಳ್ಳೆಯ ಹುಡುಗಿ. ಅದು ಇನ್ನಷ್ಟು ಹೊಟ್ಟೆ ಉರಿಸುತ್ತದೆ.

ಅವ್ವನ ಹೆಸರು ರಾಚವ್ವ. ಅವಳ ಎರಡೂ ಕಿಡ್ನಿಗಳು ಕೈಕೊಟ್ಟು ಎರಡು ವರ್ಷವಾಯಿತು. ವಾರಕ್ಕೆ ಎರಡು ಸಲ ಬಸ್ ಹತ್ತಿ ವಿಜಯಪುರಕ್ಕೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಾಳೆ. ಕಿಡ್ನಿ ಅಂದರೆ ಉಚ್ಚೆ ಸೋಸುವ ಜರಡಿ ಅಂತ ಮಾತ್ರ ನಾವು ತಿಳಿದಿದ್ದೆವು. ಅದು ರಕ್ತದ ಉಸಾಬರಿಯನ್ನೂ ಮಾಡುತ್ತದೆ ಅಂತ ಹೇಳಿದವಳು ಅಲ್ಲಿಯ ನರ್ಸ್ ಅಂಜುಮ.

"ಕಿಡ್ನಿ ಒಂದು ಹಾರ್ಮೋನ್ ಮಾಡತೈತ್ರಿ, ಎರಿಥ್ರೋಪೊಯೆಟಿನ್ ಅಂತ. ಅದು ಹೋಗಿ ಎಲುಬಿನೊಳಗಿನ ಮಜ್ಜಾಕ್ಕ ಹೇಳತೈತಿ, ಕೆಂಪು ಕಣ ಹುಟ್ಟಸು ಅಂತ. ನಿಮ್ಮವು ಕಿಡ್ನಿ ಸುಮ್ನಾಗ್ಯಾವ. ಹೇಳಾವ್ರ ಇಲ್ಲಂದ್ರ ರಕ್ತ ಹುಟ್ಟಂಗಿಲ್ಲ," ಅಂದಳು ಅಂಜುಮ. ಆಮೇಲೆ ಔಷಧಿ ತುಂಬಿದ ಒಂದು ಚಿಕ್ಕ ಸಿರಿಂಜು ತೋರಿಸಿದಳು. "ಅದಕ್ಕ ಆ ಹಾರ್ಮೋನ್ ಇದರಾಗ ಐತಿ. ಮನಷ್ಯಾರ ಜೀನ್ ತೊಗೊಂಡು ಪ್ರಾಣಿ ಜೀವಕೋಶದಾಗ ಕೂಡ್ರಿಸಿ, ದೊಡ್ಡ ಟಾಕಿಯೊಳಗ ಬೆಳಸಿ ತಗದ ಪ್ರೋಟೀನ್. ಫ್ರಿಜ್ಜಿನ್ಯಾಗ ಇಡ್ರಿ. ಬರ್ಫ ಆಗಾಕ ಬಿಡಬ್ಯಾಡ್ರಿ, ಜೋರಾಗಿ ಅಲುಗಾಡಸಬ್ಯಾಡ್ರಿ."

"ಹಡದ ಕೂಸಿನಂಗ ಜ್ವಾಕಿ ಮಾಡಬೇಕು ಅನ್ನು," ಅಂದಳು ಅವ್ವ.

ಹೊಟ್ಟೆಯ ತೊಗಲನ್ನು ಚಿವುಟಿ ಹಿಡಿದು ತಾನೇ ಚುಚ್ಚಿಕೊಳ್ಳುವುದನ್ನು ಅಂಜುಮ ಅವಳಿಗೆ ಕಲಿಸಿದಳು. ಎರಡೇ ತಿಂಗಳಿಗೆ ಅವ್ವ ಬೇರೆ ಮನುಷ್ಯಳಾದಳು. ಸುಣ್ಣದ ಗೋಡೆಯಂತಿದ್ದ ಮುಖಕ್ಕೆ ಬಣ್ಣ ಬಂತು. ಹಿಮೋಗ್ಲೋಬಿನ್ ಹತ್ತು ಮುಟ್ಟಿತು. ಒಂದು ಶನಿವಾರ ನಾನು ಸೈಕಲ್ ಮೇಲೆ ಮನೆ ಮುಟ್ಟುವ ಮೊದಲೇ ಓಣಿಯ ತುದಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಆ ಸಪ್ಪಳಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಒಳಗೆ ಹೋಗಿ, "ಉಪ್ಪು ಜಾಸ್ತಿ ಹಾಕೀಯೇನ?" ಅಂತ ಜಗಳ ತೆಗೆದೆ.

ಎಲ್ಲ ನೆಟ್ಟಗೆ ನಡೆದಿತ್ತು. ಅಷ್ಟರಲ್ಲಿ ಸಿದ್ದಲಿಂಗೇಶ ನಮ್ಮ ಮನೆಗೆ ಉಣ್ಣಲು ಬಂದ.

ಸಿದ್ದಲಿಂಗೇಶನದು ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ. ಒಂದು ಕಾಲಕ್ಕೆ ತಾನೂ ರೇಸ್ ಹೊಡೆದವನು, ಈಗ ನಮ್ಮಂಥವರಿಗೆ ಬಿಟ್ಟಿ ತರಬೇತಿ ಕೊಡುತ್ತಾನೆ. ತನ್ನ ಬೈಕನ್ನು ಮುಂದೆ ಬಿಟ್ಟುಕೊಂಡು ನನ್ನನ್ನು ಅದರ ಹಿಂದೆ ಓಡಿಸುತ್ತಾನೆ. ಕೆಟ್ಟವನಲ್ಲ, ಆದರೆ ತಾನು ಗೆಲ್ಲದೇ ಹೋದದ್ದನ್ನು ಬೇರೆಯವರ ಕಾಲಿನಿಂದ ಗೆಲ್ಲಬೇಕು ಅನ್ನುವ ಹಟ ಅವನಿಗೆ. ಅವತ್ತು ಹೊನವಾಡದವರೆಗೆ ಹೋಗಿ ಬಂದು ನಮ್ಮಲ್ಲಿ ರೊಟ್ಟಿಗೆ ಕೂತಿದ್ದ. ಅವ್ವ ಮೊಸರು ತೆಗೆಯಲು ಫ್ರಿಜ್ ತೆರೆದಾಗ ಅವನ ಕಣ್ಣು ಒಳಗಿನ ಪೊಟ್ಟಣದ ಮೇಲೆ ಬಿತ್ತು.

"ರಾಚಕ್ಕಾ, ನಿಮ್ಮ ಫ್ರಿಜ್ಜಿನ್ಯಾಗ ಏನೈತಿ ಗೊತ್ತೇನ್ರಿ? ಪರದೇಶದಾಗ ದೊಡ್ಡ ದೊಡ್ಡ ಸೈಕಲ್‌ನವ್ರು ಇದನ್ನ ಕದ್ದು ಚುಚ್ಚಿಸಿಕೊಂಡು ಮೆಡಲ್ ಹೊಡದಾರ. ಮೂರು ನಾಕು ವಾರ ತೊಗೊಂಡ್ರ ಮುಗೀತು, ಏರು ಬಂದ್ರೂ ಉಸಿರು ಹಿಡಿಯಂಗಿಲ್ಲ. ನಿಮ್ಮ ಮಗಳಿಗಿ ಕಡಿಮಿ ಬೀಳೂದು ಅಷ್ಟ ನೋಡ್ರಿ."

"ಸಿಕ್ಕಿಬಿದ್ರ ನಾಕು ವರ್ಷ ರೇಸ್ ಬಿಟ್ಟು ಮನ್ಯಾಗ ಕುಂದ್ರಬೇಕು," ಅಂದೆ ನಾನು. "ಸಿಗದಿದ್ರ ರಕ್ತ ಗಟ್ಟಿಯಾಗಿ ಎದಿ ನಿಂದ್ರತೈತಿ. ನಮ್ಮ ಹಾಸ್ಟೆಲಿನ್ಯಾಗ ಕ್ಲಾಸ್ ಮಾಡಿ ಹೇಳ್ಯಾರ."

"ನಾ ಏನ್ ತೊಗೋ ಅಂದ್ನೇನ? ಜಗತ್ತು ಹೆಂಗೈತಿ ಅಂತ ಹೇಳಿದೆ, ಅಷ್ಟ," ಅಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನದು ಎತ್ತಿದ ಕೈ. ನಾನು ಆ ಮಾತನ್ನು ಅಲ್ಲಿಗೇ ಮರೆತೆ. ಅವ್ವ ಮೊಸರು ಬಡಿಸಿದಳು.

ಅದಾದ ಮೇಲೆ ಅವ್ವನ ರಕ್ತ ಇಳಿಯತೊಡಗಿತು. ಹತ್ತು ಇದ್ದದ್ದು ಒಂಬತ್ತಾಯಿತು, ಎಂಟಾಯಿತು. ಡಾಕ್ಟರು ತಲೆ ಕೆರೆದುಕೊಂಡರು. ಕಬ್ಬಿಣಾಂಶ ಕಡಿಮೆ ಇರಬಹುದು ಅಂತ ಅದನ್ನು ಕೊಟ್ಟರು. ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯೋ ಅಂತ ಗಂಟಲಲ್ಲಿ ಕೊಳವೆ ಇಳಿಸಿ ನೋಡಿದರು. ಏನೂ ಸಿಗಲಿಲ್ಲ. ಅಪ್ಪ ಅಮರಪ್ಪ ಮಾತು ಕಡಿಮೆಯ ಮನುಷ್ಯ, ಮಣೂಕದ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವ ಕೆಲಸ ಅವನದು. ಡಾಕ್ಟರು ಇಷ್ಟೇ ಅಂತ ಹೇಳಿದ್ದ ಅಳತೆಯಲ್ಲಿ ಅವನು ದಿನಾ ಬೀಟ್‌ರೂಟ್ ತುರಿದು ಕೊಟ್ಟ. ಅವ್ವ ಅದನ್ನು ಮುಖ ಕಿವುಚದೆ ತಿಂದಳು. ಗಂಡ ಬೀಟ್‌ರೂಟ್ ತುರಿಯುತ್ತಿದ್ದಾನೆ, ಡಾಕ್ಟರು ಕೊಳವೆ ಇಳಿಸುತ್ತಿದ್ದಾರೆ, ಮಗಳು ಹಾಸ್ಟೆಲಿನ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದಾಳೆ, ಕಾರಣ ಗೊತ್ತಿದ್ದವಳು ಒಬ್ಬಳೇ, ಅವಳು ಬಾಯಿ ಬಿಡಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಯ್ಕೆಗೆ ಇನ್ನು ಒಂದು ತಿಂಗಳಿದೆ ಅನ್ನುವಾಗ ಒಂದು ಶನಿವಾರ ಮನೆಗೆ ಹೋದೆ. ಅವ್ವ ಬಾಗಿಲಿನಿಂದ ಅಡುಗೆ ಮನೆಗೆ ಹೋಗುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಅಪ್ಪ ಶೆಡ್ಡಿಗೆ ಹೋಗಿದ್ದ. ಅವಳು ನನ್ನನ್ನು ಫ್ರಿಜ್ಜಿನ ಹತ್ತಿರ ಕರೆದು, ಮೆಂತ್ಯ ಸೊಪ್ಪಿನ ಕಟ್ಟು ಸರಿಸಿ, ಕೆಳಗಿನಿಂದ ಸ್ಟೀಲಿನ ಡಬ್ಬಿ ತೆಗೆದಳು. ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಹೋಳಿಗೆ ಇರಬೇಕು ಅಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಸಿರಿಂಜುಗಳು. ಒಂದನ್ನೂ ಮುಟ್ಟಿಲ್ಲ, ಒಂದರ ಪಕ್ಕ ಒಂದು ಮಲಗಿಸಿಟ್ಟಿದ್ದಾಳೆ.

"ನಿನಗಂತ ಎತ್ತಿಟ್ಟೇನಿ," ಅಂದಳು. ಮುಖದ ತುಂಬ ನಗು. "ಸಿದ್ದಲಿಂಗೇಶ ಹೇಳಿದ್ನಲ್ಲ, ಮೂರು ನಾಕು ವಾರ ಸಾಕು ಅಂತ. ಲೆಕ್ಕಾ ಹಾಕೇ ಇಟ್ಟೇನಿ."

ಕೊಳವೆ, ಬೀಟ್‌ರೂಟ್, ಅಳು ಎಲ್ಲದರ ಅರ್ಥ ಆ ಡಬ್ಬಿಯಲ್ಲಿತ್ತು.

"ಅವ್ವಾ, ಇವು ನೀ ತೊಗೊಳ್ಳೂ ಸೂಜಿ ಬೇ. ತೊಗೊಂಡಿಲ್ಲೇನ ನೀ?"

"ನಂದೇನೈತಿ? ತಳ ಒಡದ ಕೊಡ ನಾ. ಎಷ್ಟು ಸುರವಿದ್ರೂ ಸೋರಿ ಹೋಕ್ಕೈತಿ. ಬರೂ ದೀಪಾವಳಿ ನಾ ಕಾಣಂಗಿಲ್ಲ, ನನಗ ಗೊತ್ತೈತಿ. ನೀ ರಾಜ್ಯದ ಅಂಗಿ ಹಾಕ್ಕೊಂಡಿದ್ದು ಒಂದ್ಸಲ ನೋಡಿದೆ ಅಂದ್ರ ಸಾಕು."

"ಇದು ಮೋಸ. ಇದನ್ನ ತೊಗೊಂಡು ಗೆಲ್ಲೂದು ಮೋಸ."

"ಯಾರಿಗಿ ಮೋಸ? ನಾ ಕದ್ದೀನೇನ?" ಅವ್ವನ ಮೂಗು ಕೆಂಪಾಗುವಷ್ಟು ರಕ್ತ ಮೈಯಲ್ಲಿ ಇರಲಿಲ್ಲ, ಇಲ್ಲದಿದ್ದರೆ ಆಗುತ್ತಿತ್ತು. "ಒಂಬತ್ತು ತಿಂಗಳು ನನ್ನ ರಕ್ತದಾಗ ನಿನ್ನ ಬೆಳಸಿದೆ. ಎದಿಹಾಲು ಕುಡಿಸಿದೆ. ಆವಾಗ ಯಾರೂ ಬಂದು ಮೋಸ ಅನ್ನಲಿಲ್ಲ. ಇವತ್ತ ಯಾಕ ಅಂತಾರ?"

ಇದಕ್ಕೆ ಹಾಸ್ಟೆಲಿನ ಕ್ಲಾಸಿನಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಆಸೆ ಆಗಲಿಲ್ಲ ಅಂದರೆ ಅದೂ ಸುಳ್ಳು. ಸೈಮಾಳ ಹಿಂದಿನ ಚಕ್ರ ನನ್ನ ಕಣ್ಣ ಮುಂದೆ ಬಂತು. ಅವಳಿಗೂ ನನಗೂ ನಡುವೆ ಇದ್ದ ಆ ಕೂದಲೆಳೆ ಈ ಡಬ್ಬಿಯಲ್ಲಿ ಮಲಗಿತ್ತು. ಮರುಗಳಿಗೆ ಡಬ್ಬಿಯ ಅಂಚು ಮುಟ್ಟಿದ್ದ ಅವ್ವನ ಬೆರಳು ನೋಡಿದೆ. ಉಗುರಿನ ಕೆಳಗೆ ಕೆಂಪು ಅನ್ನುವುದೇ ಇರಲಿಲ್ಲ, ಅಕ್ಕಿಹಿಟ್ಟು ಮೆತ್ತಿದ ಹಾಗಿತ್ತು.

"ಆರೋಗ್ಯ ಇದ್ದಾವ್ರಿಗಿ ಇದು ವಿಷ. ರಕ್ತ ಗಂಜಿ ಆಗತೈತಿ. ಮಲಗಿದ್ದಲ್ಲೇ ಎದಿ ನಿಂದ್ರತೈತಿ. ನನ್ನ ಹೆಣ ನೋಡಬೇಕೇನ ನೀ?"

ಒಂದು ಕ್ಷಣ ಅವಳು ಹೆದರಿದಳು. ಆಮೇಲೆ, "ಹಂಗಾರ ಸ್ವಲ್ಪ ಸ್ವಲ್ಪ ತೊಗೋ," ಅಂದಳು.

ನಾನು ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಟ್ಟು ಬಾಗಿಲು ಬಡಿದೆ. ಅಲುಗಾಡಿಸಬಾರದು ಅಂತ ಅಂಜುಮ ಹೇಳಿದ್ದು ಬಡಿದ ಮೇಲೆ ನೆನಪಾಯಿತು. ಅಪ್ಪ ಬಂದ ಮೇಲೆ ಎಲ್ಲ ಹೇಳಿದೆ. ಅವನು ಬಹಳ ಹೊತ್ತು ತುರಿಯುವ ಮಣೆಯನ್ನೇ ನೋಡುತ್ತ ಕೂತಿದ್ದ.

ಇನ್ನು ಮೇಲಾದರೂ ಸರಿಯಾಗಿ ತೆಗೆದುಕೊಳ್ಳುತ್ತಾಳೆ ಅಂದುಕೊಂಡೆವು. ಅವ್ವನನ್ನು ನಾವು ಅರಿತದ್ದು ಅಷ್ಟೇ. ಗುಟ್ಟು ಹೊರಬಿದ್ದ ಮೇಲೆ ಅವಳು ರಾಜಾರೋಷವಾಗಿ ಹಟಕ್ಕೆ ಕೂತಳು. "ನಾಗಿ ತೊಗೊಳ್ಳೂತನಕ ನಾ ತೊಗೊಳ್ಳಂಗಿಲ್ಲ," ಅಂದಳು. ಡಾಕ್ಟರು ಬೈದರು. ಅಂಜುಮ ತಾನೇ ಆಸ್ಪತ್ರೆಯಲ್ಲಿ ಚುಚ್ಚುತ್ತೇನೆ ಅಂದರೆ ಡಬ್ಬಿ ಮನೆಯಲ್ಲಿ ಮರೆತು ಬಂದೆ ಅಂದಳು. ಅಪ್ಪನೇ ಡಬ್ಬಿ ಹಿಡಿದು ಜೊತೆಗೆ ಹೋದರೆ ಸೆರಗು ಬಿಗಿಯಾಗಿ ಸುತ್ತಿಕೊಂಡು ಗೋಡೆಯ ಕಡೆ ಹೊರಳಿದಳು.

"ಒಲ್ಲೆ ಅನ್ನಾವ್ರಿಗಿ ಕೈ ಹಿಡದು ಚುಚ್ಚಾಕ ಬರಂಗಿಲ್ಲ ಅಕ್ಕಾ," ಅಂತ ಅಂಜುಮ ನನಗೆ ಫೋನ್ ಮಾಡಿದಳು. "ಆರಕ್ಕ ಇಳದೈತಿ. ಹಿಂಗ ಬಿಟ್ರ ಬ್ಯಾರೆಯವರ ರಕ್ತ ಏರಸಬೇಕಾಕ್ಕೈತಿ. ಎದಿ ಮ್ಯಾಲೂ ಭಾರ ಬೀಳತೈತಿ. ನೀ ಏನರ ಮಾಡು."

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅವಳಿಗೆ ಹಟ ಹಿಡಿಯಲು ಬಂದರೆ ನನಗೂ ಬರುತ್ತದೆ.

ಈ ಸಲದ ಆಯ್ಕೆ ಟೈಮ್ ಟ್ರಯಲ್ ಇತ್ತು. ಅದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಬ್ಬರ ಹಿಂದೆ ಒಬ್ಬರನ್ನು ಸ್ವಲ್ಪ ಅಂತರದಲ್ಲಿ ಬಿಡುತ್ತಾರೆ. ಪಕ್ಕದವರನ್ನು ನೋಡಿ ಓಡುವ ಹಾಗಿಲ್ಲ, ನಿನ್ನ ಜಗಳ ಗಡಿಯಾರದ ಜೊತೆ ಮಾತ್ರ. ಇಟ್ಟಂಗಿಹಾಳದ ಹತ್ತಿರ ಹೊರಟು, ತಿಕೋಟಾದ ಅಂಚಿನಲ್ಲಿ ರಸ್ತೆಯ ನಡುವೆ ಇಟ್ಟ ಡ್ರಮ್ ಸುತ್ತಿ, ಬಂದ ದಾರಿಯಲ್ಲೇ ವಾಪಸ್ಸಾಗಬೇಕು. ಡ್ರಮ್ ಇಡುವ ಜಾಗ ನಮ್ಮ ಓಣಿಯ ಬಾಯಿ. ನಾನು ಅಪ್ಪನಿಗೆ ಫೋನ್ ಮಾಡಿ ಅವ್ವನಿಗೆ ಕೊಡು ಅಂದೆ.

"ರವಿವಾರ ಮುಂಜಾನೆ ಡ್ರಮ್ಮಿನ ಬಾಜೂಕ ಬಂದು ನಿಂದ್ರು. ಆ ವಾರದ ಸೂಜಿ ಕೈಯಾಗ ಇರಲಿ. ನಾ ಬಂದು ನಿಂದ್ರತೇನಿ. ನನ್ನ ಕಣ್ಣ ಮುಂದ ನೀ ಚುಚ್ಚಿಕೊಂಡ ಮ್ಯಾಲ ತಿರಗತೇನಿ. ಇಲ್ಲಂದ್ರ ತಿರಗಂಗಿಲ್ಲ."

"ನಿಂದ್ರತಾಳಂತ ಇವಳು," ಅಂತ ಅವ್ವ ಆ ಕಡೆ ಅಪ್ಪನಿಗೆ ಹೇಳಿದ್ದು ಕೇಳಿಸಿತು. "ಊಟಕ್ಕ ಕರದ್ರ ನಿಂದ್ರಾಕಿ ಅಲ್ಲ, ರೇಸ್ ನಿಲ್ಲಸ್ತಾಳಂತ."

ರವಿವಾರ ಬಂತು. ಒಂದು ಮಾತು ಹೇಳುತ್ತೇನೆ, ಅವತ್ತಿನಂಥ ಕಾಲು ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಗಾಳಿ ಎದುರಿಗಿತ್ತು, ಆದರೂ ಪೆಡಲ್ ಹಗುರಾಗಿ ತಿರುಗುತ್ತಿತ್ತು. ಜೋಳದ ಹೊಲ, ಮಣೂಕದ ಶೆಡ್ಡುಗಳು, ಇಟ್ಟಂಗಿ ಭಟ್ಟಿ, ಎಲ್ಲ ಹಿಂದೆ ಹೋದವು. ನನಗಿಂತ ಮೊದಲು ಹೊರಟ ಇಬ್ಬರನ್ನು ದಾಟಿದೆ. ಸೈಮಾ ನನ್ನ ಹಿಂದೆ ಹೊರಟಿದ್ದಳು. ಅವಳ ಸುಳಿವು ಇರಲಿಲ್ಲ. ತಿಕೋಟಾ ಹತ್ತಿರ ಬಂದಾಗ ಸಿದ್ದಲಿಂಗೇಶ ರಸ್ತೆ ಬದಿಗೆ ಬೈಕ್ ನಿಲ್ಲಿಸಿ ಕೈ ಬೀಸುತ್ತಿದ್ದ. "ಮುಂದ ಅದೀ ಅಕ್ಕಾ. ಎಲ್ಲಾರಕಿಂತ ಮುಂದ ಅದೀ. ಬಿಡಬ್ಯಾಡ," ಅಂದ. ಗೆಲುವಿನ ರುಚಿ ನಾಲಿಗೆಗೆ ತಾಗಿತು. ಆ ರುಚಿ ಹತ್ತಿದ ಬಾಯಿಂದ ಬ್ರೇಕ್ ಹಿಡಿ ಅಂತ ಬೆರಳಿಗೆ ಹೇಳುವುದು ಎಷ್ಟು ಕಷ್ಟ ಅಂತ ಹೇಳಲಾರೆ.

ಡ್ರಮ್ಮಿನ ಪಕ್ಕ ಬೇವಿನ ಗಿಡಕ್ಕೆ ಒರಗಿ ಅವ್ವ ನಿಂತಿದ್ದಳು. ಓಣಿಯ ಅರ್ಧ ಜನ ಅವಳ ಸುತ್ತ ಇದ್ದರು. ನಾನು ಬ್ರೇಕ್ ಹಿಡಿದು ಅವಳ ಮುಂದೆ ಕಾಲು ಊರಿದೆ.

ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಯಾಕ ನಿಂತಿ? ಹೋಗು," ಅಂದಳು.

"ಸೂಜಿ ಎಲ್ಲಿ?"

"ತಂದಿಲ್ಲ. ಹೋಗ್ ಮೊದಲ. ಟೈಮ್ ಹೋಗಾಕತ್ತೈತಿ."

"ಹೋಗಲಿ."

ಡ್ರಮ್ ಕಾಯುತ್ತಿದ್ದ ಅಂಪೈರ್ ಓಡಿ ಬಂದರು. "ಪಂಚರ್ ಆತೇನಮ್ಮಾ?"

"ಇಲ್ರಿ," ಅಂದೆ. "ಅವ್ವ."

ಅವರು ನನ್ನನ್ನು ನೋಡಿದರು, ಅವ್ವನನ್ನು ನೋಡಿದರು, ನಿಯಮದಲ್ಲಿ ಇದಕ್ಕೇನು ಹೇಳಿದ್ದಾರೆ ಅಂತ ಯೋಚಿಸುತ್ತ ಹಿಂದೆ ಸರಿದರು. ಆಗ ಜನರ ನಡುವಿನಿಂದ ಅಪ್ಪ ಮುಂದೆ ಬಂದ. ಹೆಗಲ ಚೀಲದಿಂದ ಬರ್ಫ ಹಾಕಿದ ಫ್ಲಾಸ್ಕ್ ತೆಗೆದು, ಅದರೊಳಗಿನ ಚಿಕ್ಕ ಡಬ್ಬಿಯಿಂದ ಒಂದು ಸಿರಿಂಜು ತೆಗೆದು ಅಂಗೈ ಮೇಲೆ ಇಟ್ಟು ಚಾಚಿದ. ಅವ್ವ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

"ನೀವೂ ಇವಳ ಕಡೆನಾ?"

ಅಪ್ಪ ಕೈ ಚಾಚಿಕೊಂಡೇ ನಿಂತ.

ಸಿದ್ದಲಿಂಗೇಶ ಬೈಕ್ ಏರಿ ಬಂದಿದ್ದ. "ಏ ಹುಚ್ಚಿ, ಏನ್ ಮಾಡಾಕತ್ತೀ? ತಿರುಗು. ಇನ್ನೂ ಹೋಗಿಲ್ಲ, ಇನ್ನೂ ಗೆಲ್ಲತೀ," ಅಂತ ಕೂಗಿದ. ನಾನು ಅವನ ಕಡೆ ತಿರುಗಲಿಲ್ಲ.

"ಅವ್ವಾ, ನೀ ಎತ್ತಿಟ್ಟಿದ್ದು ಎಲ್ಲಾ ಇಷ್ಟು ದಿವಸ ಬಾಯಿ ಮುಚ್ಚಿಕೊಂಡು ತಿಂದೇನಿ. ಕೆನಿ ತಿಂದೆ, ಹೋಳಿಗಿ ತಿಂದೆ. ನಿನ್ನ ತಿನ್ನಂಗಿಲ್ಲ ನಾ. ನನ್ನ ಸಲುವಾಗಿ ಸಾಯಾಕ ನಿನಗ ಯಾರು ಹೇಳಿದ್ರು? ನಾ ಕೇಳೀನೇನ?"

"ನಾಗೀ, ಹೋಗ್ ಬೇ. ಕೈ ಮುಗೀತೇನಿ. ಎರಡು ವರ್ಷ ಕಾದೀಯಲ್ಲ."

"ನೀ ತೊಗೋ. ಇಲ್ಲಂದ್ರ ಇಲ್ಲೇ ಸೈಕಲ್ ಹಚ್ಚಿ ಮನಿಗೆ ಬರತೇನಿ. ರೊಟ್ಟಿ ಹಾಕು, ಉಂಡು ಮಲಗೂಣು."

ಅಷ್ಟರಲ್ಲಿ 'ಸುಯ್' ಅಂತ ಗಾಳಿ ಸೀಳುವ ಸಪ್ಪಳ ಬಂತು. ಸೈಮಾ. ಡ್ರಮ್ ಸುತ್ತುವಾಗ ನಿಂತ ನನ್ನನ್ನು ಕಂಡು, "ಏನಾತ ಲೇ ಅಕ್ಕಾ?" ಅಂತ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಕಾಯಬಾರದು, ನಾನಿದ್ದರೂ ಕಾಯುತ್ತಿರಲಿಲ್ಲ. ವಿಜಯಪುರದ ಕಡೆ ಅವಳ ಬೆನ್ನು ಸಣ್ಣದಾಗುತ್ತ ಹೋಯಿತು.

ಅವ್ವ ಆ ಬೆನ್ನನ್ನೇ ನೋಡಿದಳು. ಅವಳ ಮುಖದ ಮೇಲೆ ಏನೋ ಮುರಿದದ್ದು ನನಗೆ ಕಂಡಿತು. ಮಗಳಿಗಾಗಿ ತಿಂಗಳುಗಟ್ಟಲೆ ಕೂಡಿಟ್ಟ ಗೆಲುವು ತನ್ನ ಕಣ್ಣೆದುರಿಗೇ ಹೋಗುತ್ತಿದೆ, ಕಾರಣ ತಾನೇ.

"ತರ್ರಿ ಇಲ್ಲೆ. ಹಾಳಾದ ಹೆಣ್ಣ ಇದು," ಅಂದು ಅಪ್ಪನ ಕೈಯಿಂದ ಸಿರಿಂಜು ಕಿತ್ತುಕೊಂಡಳು. ಗಿಡದ ಕಡೆ ತಿರುಗಿ, ಸೆರಗು ಸರಿಸಿ, ಹೊಟ್ಟೆಯ ತೊಗಲು ಚಿವುಟಿ ಹಿಡಿದಳು. ಓಣಿಯ ಹೆಂಗಸರು ತಾವಾಗಿಯೇ ಅಡ್ಡ ನಿಂತರು. ನಾನು ಹ್ಯಾಂಡಲ್ ಮೇಲಿಂದ ಬಗ್ಗಿ ನೋಡಿದೆ. ಸೂಜಿ ಒಳಗೆ ಹೋಯಿತು, ಔಷಧಿ ಪೂರ್ತಿ ಇಳಿಯಿತು. ಖಾಲಿ ಸಿರಿಂಜನ್ನು ಅವಳು ನನ್ನ ಮುಖದ ಮುಂದೆ ಹಿಡಿದಳು.

"ಆತ? ಕಣ್ಣು ತಂಪಾತ?"

"ಮುಂದಿಂದು?"

"ತೊಗೊತೇನಿ."

"ಅಂಜುಮನ ಮುಂದ."

"ಅಂಜುಮನ ಮುಂದ. ಊರ ಮುಂದ ತೊಗೊತೇನಿ, ಡಂಗುರ ಹೊಡಸು. ಹೋಗ್ ಈಗ. ಹೋಗ್ತೀಯೋ ಇಲ್ಲ, ಕಲ್ಲು ತೊಗೊಳ್ಳೋ?"

ನಾನು ಡ್ರಮ್ ಸುತ್ತಿದೆ. ಓಣಿಯ ಜನ ಹಿಂದಿನಿಂದ ಕೂಗಿದರು, ಅವರಿಗೆ ನಾನು ಸೋತದ್ದೋ ಗೆದ್ದದ್ದೋ ಗೊತ್ತಾಗಿರಲಿಲ್ಲ. ಗಾಳಿ ಈಗ ಬೆನ್ನಿಗಿತ್ತು. ಕಣ್ಣಿಗೆ ನೀರು ಬಂದು ರಸ್ತೆ ಕಾಣುತ್ತಿರಲಿಲ್ಲ, ಆದರೂ ಹುಚ್ಚಿಯ ಹಾಗೆ ಹೊಡೆದೆ. ಅಷ್ಟು ಸಿಟ್ಟು, ಅಷ್ಟು ಸಂತೋಷ ಒಂದೇ ಎದೆಯಲ್ಲಿ ಹಿಡಿಸಲಿಲ್ಲ. ಇಟ್ಟಂಗಿಹಾಳ ಮುಟ್ಟಿದಾಗ ಕಾಲು ಸೈಕಲ್ಲಿನಿಂದ ಇಳಿಯಲು ಒಲ್ಲೆ ಅಂದವು.

ಪಟ್ಟಿ ಓದಿದಾಗ ಸೈಮಾಳ ಹೆಸರು ಮೊದಲು ಬಂತು. ನನ್ನದು ಬರಲಿಲ್ಲ. ಸೈಮಾ ಬಂದು ನನ್ನ ಪಕ್ಕ ಕೂತಳು. "ನೀ ನಿಂದ್ರದಿದ್ರ ನಾ ಹಿಂದ ಇರತಿದ್ದೆ," ಅಂದಳು. "ಗೊತ್ತೈತಿ," ಅಂದೆ. ಅವಳು ತನ್ನ ಬಾಟಲಿಯ ನೀರು ಕೊಟ್ಟಳು, ಕುಡಿದೆ. ಹೊಟ್ಟೆ ಉರಿಯಲಿಲ್ಲ ಅಂತ ಸುಳ್ಳು ಹೇಳಲಾರೆ.

ಸಿದ್ದಲಿಂಗೇಶ ದೂರ ನಿಂತಿದ್ದವನು ಆಮೇಲೆ ಹತ್ತಿರ ಬಂದ. "ಒಂದು ಸೂಜಿ ಸಲುವಾಗಿ ಒಂದು ವರ್ಷ ಕಳಕೊಂಡಿ. ಮನಿಗೆ ಹೋಗಿ ಚುಚ್ಚಸಬಹುದಿತ್ತಲ್ಲ."

"ಆ ಸೂಜಿ ಯಾರ್ಯಾರು ಚುಚ್ಚಿಸಿಕೊಂತಾರಂತ ನಮ್ಮವ್ವಗ ಹೇಳಿದಾವ್ರು ನೀವು," ಅಂದೆ. "ಅದು ಯಾರ ಹೊಟ್ಟಿಗಿ ಹೋಗಬೇಕು ಅಂತ ನಾ ತೋರಿಸಿದೆ. ನಿಮ್ಮ ಬೈಕಿನ ಹಿಂದ ಇನ್ನ ನಾ ಬರಂಗಿಲ್ರಿ."

"ಬೈಕ್ ಇಲ್ಲದ ಹೆಂಗ ತಯಾರಾಗ್ತೀ?"

"ಹೊನವಾಡದ ಬಸ್ ಐತಿ. ಅದರ ಹಿಂದ ಹೊಡೀತೇನಿ."

ಅವನು ಹೆಲ್ಮೆಟ್ ಹಾಕಿಕೊಂಡು ಹೋದ.

ಎರಡು ತಿಂಗಳ ಮೇಲೆ ಡಯಾಲಿಸಿಸ್ ವಾರ್ಡಿಗೆ ಹೋದೆ. ಎತ್ತಿಟ್ಟಿದ್ದ ಸೂಜಿಗಳನ್ನೆಲ್ಲ ಒಮ್ಮೆಗೇ ಚುಚ್ಚುವಂತಿಲ್ಲ, ವಾರದ ಲೆಕ್ಕಕ್ಕೇ ಆಗಬೇಕು ಅಂತ ಡಾಕ್ಟರು ಹೇಳಿದ್ದರು, ಅಂಜುಮ ಹಾಗೇ ಕೊಡುತ್ತಿದ್ದಳು. ಒಂಬತ್ತು ದಾಟಿದೆ ಅಂದಳು. ವಾರ್ಡಿನ ಬಾಗಿಲಲ್ಲೇ ಅವ್ವನ ದನಿ ಕೇಳಿಸಿತು. ಪಕ್ಕದ ಮಂಚದ ಬಾನುಬಿಗೆ ನನ್ನ ಮೇಲೆ ದೂರು ಹೇಳುತ್ತಿದ್ದಳು.

"ಹೆತ್ತ ತಾಯಿಗಿ ನಡುರಸ್ತ್ಯಾಗ ನಿಲ್ಲಿಸಿ ಬೆದರಿಕಿ ಹಾಕಿದಾಕಿ ಇಕಿ. ಗೆಲ್ಲೂ ರೇಸ್ ಕಳಕೊಂಡ್ಲು. ಹಿಂತಾ ಮೊಂಡಿನ ಎಲ್ಲೂ ನೋಡಿಲ್ಲವ್ವಾ ನಾ."

ಬಾನುಬಿ ನನ್ನನ್ನು ನೋಡಿ ನಕ್ಕಳು. ಅವ್ವ ನಗಲಿಲ್ಲ. ನಾನು ಮಂಚದ ಅಂಚಿನಲ್ಲಿ ಕೂತೆ. ಅವಳ ಎಡಗೈಗೆ ಕೊಳವೆ ಹಚ್ಚಿತ್ತು, ಬಲಗೈಯಿಂದ ನನ್ನ ಮೊಣಕಾಲಿನ ತರಚುಗಾಯವನ್ನು ಮುಟ್ಟಿ ನೋಡಿದಳು.

"ಬರೂ ವರ್ಷದ ಆಯ್ಕಿ ಯಾವಾಗ?" ಅಂತ ಕೇಳಿದಳು.

"ಇನ್ನೂ ಹೇಳಿಲ್ಲ."

"ಬರೂ ವರ್ಷ ನಾ ಎಲ್ಲಿ ನಿಂದ್ರಲಿ?"

ದೀಪಾವಳಿ ಕಾಣುವುದಿಲ್ಲ ಅಂದವಳ ಬಾಯಲ್ಲಿ ಬರುವ ವರ್ಷ. ಯಂತ್ರದ ಕಡೆ ಮುಖ ಮಾಡಿಕೊಂಡು, "ರೇಸ್ ಮುಗಿಯೂ ಜಾಗಾಕ್ಕ ಬಂದು ನಿಂದ್ರು," ಅಂದೆ.

"ನಿಂದ್ರೂದು ಆಗಂಗಿಲ್ಲ. ಅಲ್ಲಿ ಬಿಸಲು ಭಾಳ," ಅಂದಳು ಅವ್ವ. "ಒಂದು ಖುರ್ಚಿ ಹಾಕಸು."